ಒಂದು ಉಡಿ ಸಿಪ್ಪೆ

“ಉಡಿ ಬಿಚ್ಚ ಬೇ, ಕಳ್ಳ ರಂಡಿ!”

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ವಾಚಮನ್ ಖಂಡೆಪ್ಪ ಬಡಿಗೆಯ ತುದಿಯಿಂದ ಉದ್ದವ್ವನ ಹೊಟ್ಟೆ ತಿವಿದ. ಅವಳು ಸೀರೆಯ ಉಡಿ ಬಿಚ್ಚಿದಳು. ಒಲೆಗೆಂದು ಕಟ್ಟಿಕೊಂಡಿದ್ದ ಕಬ್ಬಿನ ಸಿಪ್ಪೆ ನೆಲಕ್ಕೆ ಬಿತ್ತು.

“ಇಷ್ಟ ವರ್ಸ ಒಯ್ದೇವಲ್ಲೋ ಯಪ್ಪಾ. ಯಾರೂ ಕೇಳಿಲ್ಲ.”

“ಆಗ ಅದು ಕಸ ಇತ್ತು. ಈಗ ಅದನ್ನ ಸುಟ್ಟ ಕರೆಂಟ್ ಮಾಡ್ತಾರ. ನಾಳಿಂದ ಕೆಲಸಕ್ಕ ಬರಬ್ಯಾಡ. ಗಂಡ ಡೈರೆಕ್ಟರ್ ಅದಾನಲ್ಲ, ಅವನ ಮುಂದ ಹೇಳ ಹೋಗ.”

ಖಂಡೆಪ್ಪ ನಕ್ಕ. ಝಡತಿಗೆ, ಮೈ ತಪಾಸಣೆಗೆ, ಸಾಲಿನಲ್ಲಿ ನಿಂತಿದ್ದ ಕೂಲಿ ಹೆಂಗಸರು ನಗಲಿಲ್ಲ. ಉದ್ದವ್ವ ಗೇಟಿನ ಹೊರಗೆ ಹೋಗಿ ನೆಲದ ಮೇಲೆ ಕುಳಿತಳು.

ಗಂಡ ಯಲ್ಲಾರಿ ನಿಜಕ್ಕೂ ಡೈರೆಕ್ಟರ್ ಆಗಿದ್ದ. ಆಡಳಿತ ಮಂಡಳಿಯಲ್ಲಿ ದಲಿತರಿಗೊಂದು ಕುರ್ಚಿ ಮೀಸಲು. ಮಾತು ಕಡಿಮೆ ಎಂದು ಚೇರಮನ್ ಸಾವಕಾರರು ಅವನನ್ನೇ ಆರಿಸಿದ್ದರು. ಕುರ್ಚಿ ಬಾಗಿಲ ಪಕ್ಕದಲ್ಲಿತ್ತು. ಉಳಿದವರಿಗೆ ಕಪ್-ಬಸಿಯಲ್ಲಿ ಚಹಾ, ಅವನಿಗೆ ಸ್ಟೀಲಿನ ಲೋಟದಲ್ಲಿ.

ಅಂದು ಮಧ್ಯಾಹ್ನ ಸಭೆಗೆ ಬರುವಾಗ ಅವನು ಹೆಂಡತಿಯನ್ನು ನೋಡಿದ. ಅವಳು ನಡೆದದ್ದನ್ನು ಹೇಳಿದಳು. “ಒಂದ ಮಾತ ಕೇಳ,” ಎಂದಳು, “ರಾತ್ರಿ ಒಲಿಗೆ ಏನ ಹಾಕ್ಲಿ ಅಂತ.”

ಸಭೆಯಲ್ಲಿ ಅಂದು ಅವನ ಮುಂದೆಯೂ ಕಪ್-ಬಸಿ ಬಂತು. ಯಲ್ಲಾರಿಗೆ ಭಯವಾಯಿತು.

“ಕುಡೀಪಾ ಯಲ್ಲಾರಿ,” ಎಂದರು ಚೇರಮನ್ನರು. “ನಾಳೆ ಮುಂಬೈದಿಂದ ಬ್ಯಾಂಕಿನವರು ಬರ್ತಾರ. ಕರೆಂಟಿನ ಸಾಲದ ಠರಾವಿಗೆ ನಿಮ್ಮ ಜನದ್ದೂ ಒಂದ ಸಹಿ ಬೇಕಂತ.”

ಕಾಗದ ಅವನ ಮುಂದೆ ಬಂತು. ಒಂದು ಹಿಡಿ ಸಿಪ್ಪೆಯೂ ಹೊರಗೆ ಹೋಗಬಾರದು. ಸುತ್ತಲಿನ ಬಡವರಿಗೆ ಇದರಿಂದ ತೊಂದರೆಯಿಲ್ಲವೆಂದು ಮಂಡಳಿ ಪರಿಶೀಲಿಸಿದೆ ಎಂದು ಅದರಲ್ಲಿತ್ತು. ಎಲ್ಲರೂ ಸಹಿ ಮಾಡಿದ್ದರು.

ಕಿಟಕಿಯಾಚೆ ಹಮಾಲರು ಸಕ್ಕರೆ ಚೀಲಗಳನ್ನು ಡೈರೆಕ್ಟರರ ಕಾರುಗಳ ಡಿಕ್ಕಿಗೆ ಹಾಕುತ್ತಿದ್ದರು. ಸಭೆಯಿದ್ದ ದಿನ ಅದು ರೂಢಿ; ಲೆಕ್ಕ ಬರೆಯುವವರಿಲ್ಲ. ಯಲ್ಲಾರಿಗೆ ಕಾರೂ ಇರಲಿಲ್ಲ, ಚೀಲವೂ ಇರಲಿಲ್ಲ.

“ಯಾರ್ ಹೋಗಿ ನೋಡಿ ಬಂದಾರ್ರಿ?”

“ಮಂಡಳಿ ನೋಡೇತಿ.”

“ನಾನೂ ಮಂಡಳ್ಯಾಗ ಅದೇನ್ರಿ. ನಾ ನೋಡಿಲ್ಲ.” ಹೆಚ್ಚು ಮಾತಾಡಿದೆನೇನೋ ಎಂದು ಅವನಿಗೇ ಅನ್ನಿಸಿತು. ಆದರೂ ನಿಲ್ಲಿಸಲಿಲ್ಲ. “ಒಂದ ಉಡಿ ಸಿಪ್ಪಿಗೆ ನನ್ನ ಹೇಣ್ತಿ ಕೆಲಸ ಕಳದಾರ. ನಮ್ಮ ಕೇರ್ಯಾಗ ಒಲಿ ಹ್ಯಾಂಗ ಹಚ್ಚೋದ್ರಿ?”

ಕೊಣ್ಣೂರಿನ ಡೈರೆಕ್ಟರ್ ನಕ್ಕರು. “ಕರೆಂಟ್ ಬರತೈತಲ್ಲೋ. ಅದರ ಮ್ಯಾಲ ರೊಟ್ಟಿ ಸುಡಸ.”

“ಕೇರಿಗೆ ಕಂಬಾನ ಇಲ್ರಿ.”

“ಏ ಸೂಳಿಮಗನ,” ಎಂದರು ಚೇರಮನ್ನರು, “ಕುರ್ಚಿ ಕೊಟ್ಟದ್ದು ಕುಂಡ್ರಾಕ. ಮಾತಾಡಾಕಲ್ಲ. ಸಹಿ ಮಾಡಿ ಎದ್ದ ಹೋಗ.”

ಯಲ್ಲಾರಿ ಸಹಿ ಮಾಡಲಿಲ್ಲ, ಎದ್ದು ಹೋದ. ಚಹಾ ಹಾಗೇ ಉಳಿಯಿತು.

ಅಂಗಳದಲ್ಲಿ ಸಿಪ್ಪೆ ಗುಡ್ಡದಂತೆ ಬಿದ್ದಿತ್ತು. ಹೆಗಲ ಮೇಲಿನ ಟಾವೆಲ್ ಹಾಸಿ, ತುಂಬಿ, ಗಂಟು ಕಟ್ಟಿದ. ಗಂಟನ್ನು ತಲೆಯ ಮೇಲಿಟ್ಟುಕೊಂಡು ಗೇಟಿನ ನಡುಮಧ್ಯೆ ಹೋಗಿ ನಿಂತ. ಸಭೆ ಮುಗಿಸಿದವರ ಕಾರುಗಳು ಅವನ ಬೆನ್ನ ಹಿಂದೆ ಸಾಲಾಗಿ ಬಂದು ನಿಂತವು.

“ಖಂಡೆಪ್ಪಾ, ಝಡತಿ ಮಾಡ.”

“ನೀವು ಡೈರೆಕ್ಟರ್ರು... ಹೋಗ್ರಿ, ಬಾಜೂ ಸರೀರಿ. ಸಾವಕಾರ್ರ ಕಾರ್ ಐತಿ.”

“ಡೈರೆಕ್ಟರ್ ಅಂದ್ರ ಝಡತಿ ಇಲ್ಲೇನ?” ಯಲ್ಲಾರಿ ಗಂಟನ್ನು ಕೆಳಗಿಟ್ಟು ತಾನೇ ಬಿಚ್ಚಿದ. “ನೋಡ, ಒಬ್ಬ ಕಳ್ಳ ಸಿಕ್ಕ. ಇನ್ನ ಹಿಂದಿನವರದು ನೋಡ.”

ಚೇರಮನ್ನರ ಬಿಳಿ ಕಾರು ಬಿಡದೆ ಹಾರ್ನ್ ಹೊಡೆಯಿತು. ಭಾರಕ್ಕೆ ಅದರ ಹಿಂಭಾಗ ಕೆಳಗೆ ಕುಸಿದಿತ್ತು. ಅದರ ಹಿಂದಿನದೂ ಹಾಗೆಯೇ. ಖಂಡೆಪ್ಪ ಕಾರು ನೋಡಿದ, ಯಲ್ಲಾರಿಯನ್ನು ನೋಡಿದ, ಕದಲಲಿಲ್ಲ.

ಹೊರಗಿನಿಂದ ಉದ್ದವ್ವ ಎದ್ದು ಬಂದಳು. ಅವಳ ಜೊತೆ ಹೊರಗೆ ಕುಳಿತಿದ್ದ ಹೆಂಗಸರು ಹಿಂದೆಯೇ ಬಂದು ಗೇಟಿನ ಕಬ್ಬಿಣದ ಬಾಗಿಲನ್ನು ಎಳೆದು ಮುಚ್ಚಿದರು. ಅವಳು ಖಂಡೆಪ್ಪನ ಕೈಯಿಂದ ಬಡಿಗೆ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ.

ಬಿಳಿ ಕಾರಿನ ಹಿಂದೆ ಹೋಗಿ, ಬಡಿಗೆಯ ತುದಿಯಿಂದ ಡಿಕ್ಕಿಯನ್ನು ತಿವಿದಳು.

“ಉಡಿ ಬಿಚ್ಚರಿ, ಸಾವಕಾರ್ರ.”