ಕೊನೆಯ ಸಾಲಿನ ಹಿಂದೆ

ಬಾರ್ಲಿ ಗಂಜಿ ತಳ ಹಿಡಿದ ವಾಸನೆ, ಪಕ್ಕದ ತುಕಡಿಯದೇ ಇರಬೇಕು, ಮೊನ್ನೆ ಡಾನ್ಯೂಬ್ ದಂಡೆಯ ಕಾಳಗದಲ್ಲಿ ಬೆನ್ನು ತೋರಿಸಿದವರಿಗೆ ಈ ಬೇಸಿಗೆ ಪೂರ್ತಿ ಗೋಧಿಯಿಲ್ಲ, ಹೇಸರಗತ್ತೆಗೆ ಹಾಕುವ ಬಾರ್ಲಿಯೇ ಗತಿ, ಅದನ್ನೂ ಎಲ್ಲರ ಕಣ್ಣೆದುರೇ ಬೀಸಿ ಬೇಯಿಸಿಕೊಳ್ಳಬೇಕು — ಟಿಟಿನಿಯಸ್ ಮೂಗು ಮುಚ್ಚಲಿಲ್ಲ, ಹದ್ದಿನ ಧ್ವಜದ ಮುಂದೆ ನಿಂತವನು ಕೈ ಎತ್ತುವ ಹಾಗಿಲ್ಲ, ಬೆಳಗಿನಿಂದ ನಿಂತೇ ಇದ್ದಾನೆ, ದಂಡನಾಯಕ ಇನ್ನೂ ಆ ಸಾಲಿನಲ್ಲೇ ಇದ್ದಾನೆ, ಬೇಗ ಬಂದು ಮುಗಿಸಬಾರದೇ. ದಂಡನಾಯಕನ ಹಿಂದಿನ ಆಳಿನ ಕೈಯಲ್ಲಿ ದ್ರಾಕ್ಷಿ ಬಳ್ಳಿಯ ಬೆತ್ತ, ಮೊನ್ನೆ ಸತ್ತ ಶತನಾಯಕನದು, ಇವತ್ತು ಟಿಟಿನಿಯಸ್‌ನ ಕೈಗೆ ಬರುವಂಥದ್ದು, ಅದು ಕೈಗೆ ಬಂದವನೇ ಶತನಾಯಕ, ಇದಕ್ಕಾಗಿ ಹಲ್ಲು ಕಚ್ಚಿ ಕಾದದ್ದೆಷ್ಟು. ಎಂಟು ಜನಕ್ಕೆ ಒಂದು ಗುಡಾರ, ಒಂದು ಬೀಸುಕಲ್ಲು, ಹತ್ತು ಗುಡಾರ ಸೇರಿದರೆ ಒಂದು ಶತಕ — ಹೆಸರಿಗೆ ನೂರು, ತಲೆ ಎಣಿಸಿದರೆ ಎಂಬತ್ತು, ಉಳಿದ ಇಪ್ಪತ್ತು ಜನ ಎಲ್ಲೋ, ಮೇಲಿನವರ ಹೊಟ್ಟೇಲಿದಾರಾ ಎಂದು ಗುಡಾರದ ಗೆಳೆಯ ವೇಟಿಯಸ್ ನಗುತ್ತಿದ್ದ — ಆರು ಶತಕಕ್ಕೊಂದು ದಳ, ಹತ್ತು ದಳಕ್ಕೊಂದು ಲೀಜನ್, ಹತ್ತನೆಯ ದಳದ ಕೊನೆಯ ಶತನಾಯಕನೆಂದರೆ ಏಣಿಯ ತಳದ ಮೆಟ್ಟಿಲು, ಇರಲಿ, ಮೆಟ್ಟಿಲು ಮೆಟ್ಟಿಲೇ, ಸ್ವಂತ ಕೋಣೆ, ಬೀಸುಕಲ್ಲಿನ ಗೊಡವೆಯಿಲ್ಲ, ಯಾರ ಗೊರಕೆಯೂ ಕೇಳಬೇಕಿಲ್ಲ.

ವೇಟಿಯಸ್‌ನ ಗೊರಕೆ, ಅಬ್ಬಾ. ಒಂದೇ ಗುಡಾರದಲ್ಲಿ ಅವನ ಪಕ್ಕ ಮಲಗಿ ಬೆಳೆದದ್ದು, ಆಮೇಲೆ ಟಿಟಿನಿಯಸ್ ಸಹನಾಯಕನಾದ, ಕೈಗೆ ಆಳೆತ್ತರದ ಕೋಲು ಬಂತು, ಸಹನಾಯಕನ ಜಾಗ ಕೊನೆಯ ಸಾಲಿನ ಹಿಂದೆ, ಕೆಲಸ ಒಂದೇ, ಯಾರ ಮುಖ ಹಿಂದಕ್ಕೆ ತಿರುಗಿತೋ ಅವನ ಎದೆಗೆ ಕೋಲು ಒತ್ತಿ ಮುಂದಕ್ಕೆ ದೂಡುವುದು, ಸಾಲಿನವನು ಏನು ಬೇಕಿದ್ದರೂ ಮುಂದೆ ನೋಡಿಕೊಂಡೇ ಕೂಗಬೇಕು, ಮುಖ ತಿರುಗಿತೆಂದರೆ ಓಡಿದಂತೆಯೇ ಲೆಕ್ಕ, ಇದು ನಿನ್ನೆ ಸೇರಿದವನಿಗೂ ಗೊತ್ತು, ವೇಟಿಯಸ್‌ಗೆ ಗೊತ್ತಿರಲಿಲ್ಲವೇ, ಮತ್ತೇಕೆ ಮೊನ್ನೆ ತಿರುಗಿದೆ ಮಾರಾಯ, ಗುರಾಣಿಯ ಹಿಡಿ ಕಿತ್ತುಬಂದರೆ ಅಲ್ಲಿಂದಲೇ ಅರಚಬಾರದಿತ್ತೇ — ಅರಚಿದನೋ ಏನೋ, ಆ ಗದ್ದಲದಲ್ಲಿ ಯಾರಿಗೆ ಕೇಳೀತು, ತಿರುಗಿದ, ಕೈ ಚಾಚಿದ, ಕೈಯಲ್ಲಿ ಕಿತ್ತುಬಂದ ಹಿಡಿ, ಟಿಟಿನಿಯಸ್ ನೋಡಿದ, ನೋಡಿಯೇ ದೂಡಿದ, ಕಣ್ಣಿಗಿಂತ ಕೋಲು ಮುಂದಿತ್ತು. ಗುರಾಣಿಯಿಲ್ಲದೆ ಸಾಲಿಗೆ ಮರಳಿದವನು ಎಷ್ಟು ಹೊತ್ತು ನಿಂತಾನು.

ಬೆಳಿಗ್ಗೆ ಗರ್ಗೀಲಿಯಸ್ ಬಂದಿದ್ದ, ಅದೇ ಗುಡಾರದ ಹಳೆಯ ಹುಲಿ, ಹಲ್ಲಿಲ್ಲ, ಗಂಟಲಿದೆ. ಲೋ ಟಿಟಿನಿಯಸ್, ನಿಜ ಹೇಳು, ವೇಟಿಯಸ್ ಓಡಿದ್ನೇನೋ, ಓಡಿದ್ರೆ ನಮ್ಮ ಗುಡಾರಕ್ಕೂ ಬಾರ್ಲಿ ಅಂತೆ, ತಿಂತೀವಿ ಬಿಡು, ಆದ್ರೆ ಅವನು ಓಡೋ ಮಗ ಅಲ್ಲ ಕಣೋ, ನೀನೇ ಅಲ್ವಾ ನೋಡಿದ್ದು. ನಾನು ನೋಡಲಿಲ್ಲ ಎಂದುಬಿಟ್ಟ ಇವನು, ಸುಸ್ತಾಗಿತ್ತು, ಸುಳ್ಳಿಗೆ ಅಷ್ಟೇ ಕಾರಣ. ಈಗ ದಂಡನಾಯಕ ಎದುರಿಗೇ ಬಂದ, ಬಾಯಲ್ಲಿ ಹಳೆಯ ದ್ರಾಕ್ಷಾರಸದ ನಾತ. ತಿರುಗಿದವನನ್ನ ಸಾಲಿಗೆ ದೂಡಿದವನು ನೀನೇನಯ್ಯ, ಅವನು ಓಡ್ತಿದ್ದನಾ. ಇಲ್ಲ ಎಂದರೆ, ಗುರಾಣಿ ಕೇಳಲು ಬಂದವನನ್ನು ಸಾವಿಗೆ ದೂಡಿದವನಿಗೆ ಬೆತ್ತ ಯಾರು ಕೊಟ್ಟಾರು, ಮತ್ತೆ ಅದೇ ಕೋಲು, ಅದೇ ಹಿಂದಿನ ಜಾಗ, ಸಾಕಾಗಿದೆ, ದೇವರೇ, ಸಾಕಾಗಿ ಹೋಗಿದೆ.

ಹೌದು ಒಡೆಯಾ, ಓಡ್ತಿದ್ದ.

ಬೆತ್ತ ಅಂಗೈಗೆ ಬಿತ್ತು, ಇಷ್ಟು ಹಗುರ ಇರುತ್ತದೆಯೇ ಇದು, ಹಿಂದೆ ಎಲ್ಲರೂ ಕೇಳಿಸಿಕೊಂಡಿದ್ದಾರೆ, ಗರ್ಗೀಲಿಯಸ್ ಕೂಡ, ಇನ್ನು ತುಕಡಿಯತ್ತ ತಿರುಗಬೇಕು, ಮೊದಲ ಅಪ್ಪಣೆ ಕೊಡಬೇಕು, ತಿರುಗಿದ, ಬಾಯಿ ತೆರೆದ — ಕಣ್ಣೆದುರು ಮೊನ್ನೆಯ ಅದೇ ಕೈ, ವೇಟಿಯಸ್ ಚಾಚಿದ ಕೈ, ನೋಡೋ ಇಲ್ಲಿ ಎಂದು ತೋರಿಸುವ ಕೈ, ಅದರಲ್ಲಿ ಕಿತ್ತುಬಂದ ಹಿಡಿ.