ಮೈನಸ್ ಆರು ಮತ್ತು ಒಂದು ಸಿಂಹ

“ಬೋನಿನ ಸಿಂಹ ಅಲ್ಲ, ಕಾಡಿನ ಸಿಂಹ. ನಾನೇ ಕೈ ಮಾಡಿ ತೋರಿಸ್ತೀನಿ,” ಎಂದು ಮಗಳಿಗೆ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಅವಳಿಗೆ ಆಗ ಏಳು. ಮೊದಲ ಕನ್ನಡಕ ಹಾಕಿಸಿದ ದಿನ ಕನ್ನಡಿ ನೋಡಿಕೊಂಡು, “ನಾನು ಗೂಬೆ ಥರ ಕಾಣ್ತೀನಿ,” ಎಂದು ಅಂಗಡಿಯ ನೆಲದ ಮೇಲೆ ಕೂತು ಅತ್ತಿದ್ದಳು. ಅಂಗಡಿ ನನ್ನದೇ, ಕನ್ನಡಕ ಮಾಡಿದವಳೂ ನಾನೇ. ಗಿರಾಕಿಗಳು ಕಾಯುತ್ತಿದ್ದರು. ಅವಳ ಕೈಯಲ್ಲಿದ್ದ ಚಿತ್ರದ ಪುಸ್ತಕದಲ್ಲಿ ಸಿಂಹವಿತ್ತು, ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅಳು ನಿಂತಿತು. ಗೂಬೆ ಎಂಬ ಹೆಸರು ಮಾತ್ರ ಮನೆಯಲ್ಲಿ ನಿಂತೇಹೋಯಿತು.

ಅಂಗಡಿ ಬಿಟ್ಟು ಹೋಗುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡಂತೆ. ಈ ವರ್ಷ ಹಬ್ಬ ಕಳೆಯಲಿ, ಆ ವರ್ಷ ಪರೀಕ್ಷೆ ಮುಗಿಯಲಿ ಎಂದು ತಳ್ಳುತ್ತ ಬಂದೆ. ಗೂಬೆಗೆ ಹದಿನಾರಾಯಿತು. “ಅಮ್ಮ, ನಿನ್ನ ಸಿಂಹಕ್ಕೂ ವಯಸ್ಸಾಗಿರುತ್ತೆ. ಹಲ್ಲೆಲ್ಲ ಉದುರಿರುತ್ತೆ, ಬೇಗ ಹೋಗೋಣ,” ಎನ್ನತೊಡಗಿದಳು. ಕೊನೆಗೆ ನಮ್ಮ ಯಜಮಾನರು ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿದರು. ಅವರು ಬಸ್ ಡ್ರೈವರ್. ಮೂರು ವಾರದ ಪರದೇಶ ಪ್ರವಾಸ. ಮೊದಲು ಕಡಲತೀರ, ಆಮೇಲೆ ದೊಡ್ಡ ನಗರ, ಕಡೆಗೆ ಕಾಡು. ಅತ್ತೆಯೂ ಹೊರಟರು. “ನಾನು ಬರೋದು ಸಿಂಹ ನೋಡೋಕಲ್ಲಮ್ಮ. ನೀನು ಅಂಗಡಿಗೆ ಬೀಗ ಹಾಕೋದನ್ನ ನೋಡ್ಬೇಕು,” ಎಂದರು.

ಕಡಲತೀರದಲ್ಲಿ ಐದು ದಿನ ಸುಖವಾಗಿ ಕಳೆಯಿತು. ಆರನೆಯ ದಿನ ಅಲೆಯೊಂದು ಗೂಬೆಯನ್ನು ಬುಡಮೇಲು ಮಾಡಿತು. ಎದ್ದಾಗ ನಗುತ್ತಿದ್ದಳು, ಮುಖ ಮಾತ್ರ ಕನ್ನಡಕವಿಲ್ಲದೆ ಬರಿದಾಗಿತ್ತು. ಯಜಮಾನರು ಮೊಣಕಾಲುದ್ದ ನೀರಿನಲ್ಲಿ ಒಂದು ಗಂಟೆ ತಡಕಾಡಿ ಯಾರದೋ ಬಾಚಣಿಗೆಯನ್ನೂ ಒಂಟಿ ಚಪ್ಪಲಿಯನ್ನೂ ತಂದರು.

“ಚಿಂತೆ ಇಲ್ಲ,” ಎಂದು ನಾನು ಕೋಣೆಗೆ ಓಡಿ ನನ್ನ ಚೀಲ ಬಿಚ್ಚಿದೆ. ಅತ್ತೆಗೆ ಓದುವ ಕನ್ನಡಕ ಇನ್ನೊಂದು, ದೂರ ನೋಡುವುದು ಇನ್ನೊಂದು. ಯಜಮಾನರಿಗೆ ಬಿಸಿಲಿನ ಕನ್ನಡಕ ಎರಡು. ಪುಟ್ಟ ಸ್ಕ್ರೂಡ್ರೈವರ್, ತಿರುಪುಗಳ ಡಬ್ಬಿ, ಮೂಗಿನ ಪ್ಯಾಡು, ಒರೆಸುವ ಬಟ್ಟೆ ಹನ್ನೆರಡು. ಗೂಬೆಯದು ಇರಲಿಲ್ಲ. ಎರಡನೆಯ ಜೊತೆಗೆಂದು ತರಿಸಿದ ಲೆನ್ಸು ನನ್ನ ಮೇಜಿನ ಖಾನೆಯಲ್ಲೇ ಒಂದು ತಿಂಗಳಿನಿಂದ ಕೂತಿತ್ತು. ದಿನವೂ ಯಾರಾದರೊಬ್ಬ ಗಿರಾಕಿ ಅವಸರ ಮಾಡುತ್ತಿದ್ದ, ಮಗಳು ಅವಸರ ಮಾಡಿರಲಿಲ್ಲ.

“ದೀಪದ ಬುಡದಲ್ಲಿ ಕತ್ತಲು ಅನ್ನೋದು ಇದಕ್ಕೇ,” ಎಂದರು ಅತ್ತೆ.

“ಬಿಡಿ ಅಜ್ಜಿ,” ಎಂದಳು ಗೂಬೆ, ಕಣ್ಣು ಕಿರಿದು ಮಾಡಿ ಬಾಗಿಲ ಪರದೆಯ ಕಡೆ ತಿರುಗಿಕೊಂಡು. “ಕನ್ನಡಕ ಇಲ್ದೆ ನೋಡಿದ್ರೆ ಎಲ್ಲಾನೂ ಸಿಂಹದ ಥರಾನೇ ಕಾಣುತ್ತೆ. ಅಪ್ಪ ಕೂಡ.”

ನನಗೆ ನಗು ಬರಲಿಲ್ಲ. ಇನ್ನು ಎರಡು ದಿನಕ್ಕೆ ನಗರ, ಅಲ್ಲಿಂದ ನಾಲ್ಕು ದಿನಕ್ಕೆ ಕಾಡು. ಅವಳ ಪವರ್ ಮೈನಸ್ ಆರು, ಜೊತೆಗೆ ಕಣ್ಣಿನ ವಕ್ರತೆ ತಿದ್ದುವ ಸಿಲಿಂಡರ್ ಬೇರೆ. ಕನ್ನಡಕವಿಲ್ಲದಿದ್ದರೆ ಸಿಂಹ ಜೀಪಿನ ಪಕ್ಕ ಬಂದು ಆಕಳಿಸಿದರೂ ಅವಳಿಗೆ ಹಳದಿ ಮೋಡ.

ನಗರ ಮುಟ್ಟಿದ ಬೆಳಿಗ್ಗೆ ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಕನ್ನಡಕದಂಗಡಿ ಸಿಕ್ಕಿತು. ನನ್ನದರಷ್ಟೇ ಅಗಲ, ನನ್ನದರಂತೆಯೇ ಗೋಡೆಯಲ್ಲಿ ಸಾಲುಸಾಲು ಫ್ರೇಮು. ಅಂಗಡಿಯವನು ನರೆತ ಗಡ್ಡದವನು. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಮೈನಸ್ ಆರು ಎಂಬುದು ಇಬ್ಬರಿಗೂ ಬರುತ್ತದೆ. ಗೂಬೆಯ ಪವರು, ಸಿಲಿಂಡರಿನ ಕೋನ, ಎರಡು ಕಣ್ಣುಪಾಪೆಗಳ ನಡುವಿನ ಅಂತರ, ಎಲ್ಲ ನನಗೆ ಬಾಯಿಪಾಠ. ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಒಳಗೆ ಹುಡುಕಿ ಎರಡು ಲೆನ್ಸು ತಂದ. ನಾನು ಕೈ ಮುಗಿಯುವಷ್ಟರಲ್ಲಿ ಆರು ಬೆರಳು ತೋರಿಸಿದ. ಆರು ದಿನ. ಸಾಣೆ ಯಂತ್ರದ ಪಕ್ಕ ಫ್ರೇಮುಗಳ ತಟ್ಟೆಗಳು ಒಂದರ ಮೇಲೊಂದು ಗೋಪುರವಾಗಿದ್ದವು. ಲೆನ್ಸು ಕತ್ತರಿಸುವವನ ಖಾಲಿ ಸ್ಟೂಲು ತೋರಿಸಿ, ಬೆನ್ನು ಹಿಡಿದುಕೊಂಡು ನರಳುವ ಅಭಿನಯ ಮಾಡಿದ. ಅವನಿಗೆ ಸೊಂಟ ನೋವಂತೆ.

ಯಂತ್ರ ನೋಡಿದೆ. ನನ್ನದೇ ಹಳೆಯ ಮಾದರಿ, ಎಡಗಡೆಯ ಗುಂಡಿಗೆ ನನ್ನದರಂತೆಯೇ ಅಂಟುಪಟ್ಟಿ ಸುತ್ತಿತ್ತು. ನಾನು ಸ್ಟೂಲನ್ನು ತೋರಿಸಿದೆ, ಆಮೇಲೆ ನನ್ನನ್ನು.

ಅವನು ನಂಬಲಿಲ್ಲ. ಒಂದು ಹಾಳು ಲೆನ್ಸು ಕೊಟ್ಟು ಪರೀಕ್ಷೆ ಮಾಡಿದ. ಅಂಚು ಸವರಿ ಕೊಟ್ಟೆ. ಬೆಳಕಿಗೆ ಹಿಡಿದು, ಉಗುರಿನಲ್ಲಿ ಸವರಿ ನೋಡಿ, ಒಳಗಿನಿಂದ ಏಪ್ರನ್ ತಂದುಕೊಟ್ಟ.

“ಅಲ್ಲಾ ಕಣೇ, ಸಾವಿರಾರು ಮೈಲಿ ಬಂದು ಅಂಗಡೀಲೇ ಕೂತ್ಕೋತೀಯಾ?” ಯಜಮಾನರು ಬಾಗಿಲಲ್ಲಿ ತಲೆ ಚಚ್ಚಿಕೊಂಡರು.

“ನೀವು ಊರಿನ ಗೋಪುರ ನೋಡ್ಕೊಂಡು ಬನ್ನಿ ರೀ. ಗೂಬೆಯ ಕೈ ಹಿಡ್ಕೊಳ್ಳಿ, ಮೆಟ್ಟಿಲಿರುತ್ತೆ.”

ನಾಲ್ಕು ದಿನದಲ್ಲಿ ಅವರು ನೋಡಿದ ನಗರ ಬೇರೆ, ನಾನು ನೋಡಿದ ನಗರ ಬೇರೆ. ಅವರು ವಸ್ತುಸಂಗ್ರಹಾಲಯ, ಗೋಪುರ, ದೋಣಿ ಎಲ್ಲ ಮುಗಿಸಿದರು. ನಾನು ಮೊದಲ ದಿನ ಗೂಬೆಯದನ್ನು ಕತ್ತರಿಸಿ, ಕೋನ ಮೂರು ಸಲ ಅಳೆದು, ಕೂರಿಸಿದೆ. ಉಪಕಾರಕ್ಕೆ ಉಪಕಾರ ಎಂದು ಉಳಿದ ದಿನಗಳಲ್ಲಿ ಅವನ ಗಿರಾಕಿಗಳ ಒಂಬತ್ತು ಜೊತೆ ಮುಗಿಸಿಕೊಟ್ಟೆ. ಅವನು ನನ್ನ ಕೆಲಸದ ಮೇಲೆ ಬಗ್ಗಿ ನೋಡಿ, ನನ್ನ ಬರಿಗಣ್ಣು ತೋರಿಸಿ ಹುಬ್ಬೇರಿಸಿದ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ನಲವತ್ತಾರು ದಾಟಿದರೂ ಸೂಜಿಗೆ ದಾರ ಪೋಣಿಸುತ್ತೇನೆ, ಓದುವ ಕನ್ನಡಕದ ಹಂಗಿಲ್ಲ. ಅವನು ಏನೋ ಹೇಳಿ ಬೀದಿಯಾಚೆಯ ಬೋರ್ಡೊಂದನ್ನು ತೋರಿಸಿದ. ಆ ಭಾಷೆ ಓದಲು ಬಾರದೆಂದು ಕೈಯಾಡಿಸಿಬಿಟ್ಟೆ.

ಹೊಸ ಕನ್ನಡಕ ಹಾಕಿಕೊಂಡ ಗೂಬೆ ಅಪ್ಪನನ್ನು ದಿಟ್ಟಿಸಿ, “ಅಯ್ಯೋ, ಸಿಂಹ ಅಲ್ಲ. ಅಪ್ಪಾನೇ,” ಎಂದಳು.

ಕಾಡಿನಲ್ಲಿ ಆರು ದಿನ. ಜಿರಾಫೆಗಳು ಮೊದಲ ಸಂಜೆಯೇ ಸಿಕ್ಕವು. ಜೀಬ್ರಾಗಳಿಗೆ ಲೆಕ್ಕವಿಲ್ಲ. ಆನೆಯೊಂದು ಮರಿಯೊಡನೆ ದಾರಿಗೆ ಅಡ್ಡ ನಿಂತು ಅರ್ಧ ಗಂಟೆ ಕದಲಲಿಲ್ಲ. “ಹಾರ್ನ್ ಹೊಡೀರಿ ಅಂತ ಹೇಳ್ಲಾ?” ಎಂದರು ಯಜಮಾನರು. ಜೀಪಿನವನು ಗೇರು ಬದಲಿಸಿದಾಗಲೆಲ್ಲ ಇವರ ಎಡಗಾಲು ತಾನೇ ತಾನಾಗಿ ಕ್ಲಚ್ ಒತ್ತುತ್ತಿತ್ತು. ಅತ್ತೆ ಜೀಪಿನವನೊಂದಿಗೆ ಅಚ್ಚಗನ್ನಡದಲ್ಲಿ ಮಾತಾಡುತ್ತಿದ್ದರು, ಅವನು ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದ. “ನೋಡು, ನಿನ್ನ ಗಂಡನಿಗಿಂತ ಚೆನ್ನಾಗಿ ಕೇಳಿಸ್ಕೋತಾನೆ,” ಎಂದರು.

ಸಿಂಹ ಮಾತ್ರ ಇಲ್ಲ.

ನಾನು ಜೀಪಿನಲ್ಲಿ ನಿಂತೇ ಇರುತ್ತಿದ್ದೆ. ಎರಡನೆಯ ದಿನ “ಅಗೋ!” ಎಂದು ಕೂಗಿ ಕೈ ಮಾಡಿದೆ. ಹುತ್ತ. ಮೂರನೆಯ ದಿನ ಮತ್ತೆ ಕೈ ಮಾಡಿದೆ, ಬಂಡೆ. ನಾಲ್ಕನೆಯ ದಿನ ಕಾಡುಹಂದಿ. ಅದಾದರೂ ಓಡಿತು. ಐದನೆಯ ದಿನದ ಹೊತ್ತಿಗೆ ಮನೆಯವರೆಲ್ಲ ಬಂಡೆ ಕಂಡರೆ “ಅಮ್ಮನ ಸಿಂಹ” ಎನ್ನುತ್ತಿದ್ದರು. ಜೀಪಿನವನೂ ಆ ಎರಡು ಪದ ಕಲಿತುಬಿಟ್ಟ.

ಕೊನೆಯ ಬೆಳಿಗ್ಗೆ. ಮಧ್ಯಾಹ್ನಕ್ಕೆ ವಿಮಾನ. ಹುಲ್ಲಿನ ಬಯಲಿನ ಅಂಚಿನಲ್ಲಿ ಜೀಪು ನಿಧಾನವಾಯಿತು. ನನ್ನ ಕಣ್ಣು ಉರಿಯುತ್ತಿತ್ತು, ಇಡೀ ಬಯಲು ಒಂದೇ ಹಳದಿ ಕಂಬಳಿಯಂತಿತ್ತು.

“ಅಮ್ಮ,” ಗೂಬೆ ಪಿಸುಗುಟ್ಟಿ ನನ್ನ ತೋಳು ಹಿಡಿದಳು. “ಆ ಪೊದೆ ಕೆಳಗೆ. ಕಿವಿ ಅಲ್ಲಾಡಿಸ್ತಿದೆ.”

“ಯಾವ ಪೊದೆ?”

“ಒಂದೇ ಪೊದೆ ಇರೋದು ಅಲ್ಲಿ!”

ಜೀಪಿನವನು ಅತ್ತ ನೋಡಿ ಎಂಜಿನ್ ಆರಿಸಿದ. ಯಜಮಾನರು ಉಸಿರು ಬಿಗಿಹಿಡಿದರು. ಅತ್ತೆ “ಅಬ್ಬಬ್ಬಾ!” ಎಂದರು. ನನಗೆ ಕಂಬಳಿಯೇ.

ಗೂಬೆ ಸಿಂಹವನ್ನು ಬಿಟ್ಟು ನನ್ನ ಮುಖ ನೋಡಿದಳು. “ಅಮ್ಮ, ನಿನ್ನ ಕಣ್ಣು ಯಾವಾಗ ಟೆಸ್ಟ್ ಮಾಡಿಸಿದ್ದು?”

ಊರಿನವರ ಕಣ್ಣನ್ನೆಲ್ಲ ನೋಡಿದವಳು ನಾನು. ಬಸ್ಸಿನ ಬೋರ್ಡು ಮೂಗಿನ ಹತ್ತಿರ ಬಂದಮೇಲೇ ಓದುತ್ತಿದ್ದದ್ದು ದಣಿವಿಗೆ ಎಂದುಕೊಂಡಿದ್ದೆ. ಈ ವಯಸ್ಸಿನಲ್ಲೂ ಸೂಜಿ ಪೋಣಿಸುವವರಿಗೆ ದೂರದ್ದು ಮಂಜಾಗಿರುತ್ತದೆ ಎಂದು ಗಿರಾಕಿಗಳಿಗೆ ವಾರಕ್ಕೊಂದು ಸಲವಾದರೂ ಹೇಳುತ್ತೇನೆ.

ನನ್ನ ಚೀಲಕ್ಕೆ ಕೈ ಹಾಕಿದವರು ಅತ್ತೆ. ತಮ್ಮ ಎರಡನೆಯ ದೂರದ ಕನ್ನಡಕವನ್ನು ತೆಗೆದು, ಒರೆಸಿ, ತಾವೇ ನನ್ನ ಕಿವಿಗೆ ಸಿಕ್ಕಿಸಿದರು. “ಹಾಕ್ಕೋ. ಮೈನಸ್ ಒಂದು ಚಿಲ್ಲರೆ. ನೀನೇ ಮಾಡಿದ್ದು, ಚೆನ್ನಾಗೇ ಇದೆ.”

ಕಂಬಳಿ ಹುಲ್ಲಾಯಿತು, ಒಂದೊಂದು ಎಸಳೂ ಬೇರೆಬೇರೆಯಾಯಿತು. ಗೂಬೆ ನನ್ನ ಗಲ್ಲ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿ, ನನ್ನ ಮೂಗಿನ ಪಕ್ಕದಿಂದ ಕೈ ಚಾಚಿದಳು. ಅವಳ ಬೆರಳ ತುದಿಯಲ್ಲಿ ಪೊದೆ, ಪೊದೆಯ ಕೆಳಗೆ ಕೇಸರ. ದೊಡ್ಡ ತಲೆ ನಮ್ಮ ಕಡೆ ತಿರುಗಿ ಆಕಳಿಸಿತು.

“ಹಲ್ಲೆಲ್ಲ ಇದೆ ಅಮ್ಮ,” ಎಂದಳು.

ಸಿಂಹವನ್ನು ನಾನೇ ಕೈ ಮಾಡಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ತೋರಿಸಲಿಲ್ಲ.