ಆರು ಕಾಜಾದ ಗೌನು

ಆಸ್ಪತ್ರೆಯಿಂದ ರೋಗಿಗಳಿಗೆ ತೊಡಿಸುವ ನಾನೂರು ಗೌನುಗಳ ಆರ್ಡರು ಬಂದಾಗ ಹೊಲಿಗೆ ಅಂಗಡಿಯ ಮಾಸ್ಟರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದರು. ಹೊಲಿಗೆ ಮಿಷನ್ ಎಂಟು, ಒಂದೊಂದಕ್ಕೆ ದಿನಕ್ಕೆ ಐದು ಗೌನು, ಹತ್ತು ದಿನಕ್ಕೆ ನಾನೂರು. ಆಸ್ಪತ್ರೆಯವರು ಕೊಟ್ಟಿದ್ದು ಹನ್ನೆರಡು ದಿನ. ಮಾಸ್ಟರು ಫೋನಿನಲ್ಲೇ ಒಪ್ಪಿಕೊಂಡುಬಿಟ್ಟರು.

ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿ ಕತ್ತರಿ ಕೆಳಗಿಟ್ಟಳು.

"ರೀ, ಕಾಜಾ ಲೆಕ್ಕ ಹಾಕಿದ್ರಾ?"

"ಅದೇನು ಮಹಾ. ಅಕ್ಕ ಇದ್ದಾಳಲ್ಲ."

ಅಕ್ಕ ಎಂದರೆ ಮಾಸ್ಟರ ಒಡಹುಟ್ಟಿದ ಅಕ್ಕ. ಕಿಟಕಿಯ ಪಕ್ಕದ ಮೂಲೆಯಲ್ಲಿ, ಗುಂಡಿ ತೂರಿಸುವ ಕಾಜಾ ಹೊಲಿಯುವ ಒಂದೇ ಒಂದು ಮಿಷನ್ನಿನ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತವಳು. ಅದು ಬೇರೆಯವರ ಕೈಗೆ ಬಗ್ಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಯಾರೂ ಮುಟ್ಟಿ ನೋಡಿರಲಿಲ್ಲ. ಅಕ್ಕನ ಕೈಯಲ್ಲಿ ದಿನಕ್ಕೆ ನೂರಿಪ್ಪತ್ತು ಕಾಜಾ ಆಗುತ್ತಿತ್ತು. ಗೌನಿನ ಬೆನ್ನಿಗೆ ಆರು ಗುಂಡಿ, ಆರು ಕಾಜಾ.

"ದಿನಕ್ಕೆ ಇಪ್ಪತ್ತೇ ಗೌನು. ಇಪ್ಪತ್ತು ದಿನ ಬೇಕು" ಎಂದಳು ಹೆಂಡತಿ.

"ಶುರುವಲ್ಲೇ ಕೊಂಕು ತೆಗೀಬೇಡ" ಎಂದ ಮಾಸ್ಟರು, ಕೆಲಸಕ್ಕೆ ವೇಗ ಬರಲೆಂದು ಇನ್ನೆರಡು ಹೊಲಿಗೆ ಮಿಷನ್ನುಗಳನ್ನು ಬಾಡಿಗೆಗೆ ತರಿಸಿದರು.

ವೇಗ ಬಂತು. ದಿನಕ್ಕೆ ಐವತ್ತು ಗೌನು ಹೊಲಿದು ಮುಗಿಯುತ್ತಿದ್ದವು, ಇಪ್ಪತ್ತಕ್ಕೆ ಕಾಜಾ ಬೀಳುತ್ತಿತ್ತು, ಉಳಿದದ್ದು ಅಕ್ಕನ ಸುತ್ತ ರಾಶಿ ಬೀಳುತ್ತಿತ್ತು. ನಾಲ್ಕನೆಯ ದಿನ ಅಕ್ಕ ಕಾಣಿಸದಾದಳು. ಮಿಷನ್ನಿನ ಸದ್ದು ಕೇಳಿ, ಇದ್ದಾಳೆ ಎಂದು ಗೊತ್ತುಮಾಡಿಕೊಂಡು, ರಾಶಿಯ ಮೇಲಿನಿಂದ ನೀರಿನ ಲೋಟ ಕೊಡುತ್ತಿದ್ದರು.

"ಇನ್ನೊಂದು ಹೊಲಿಗೆ ಮಿಷನ್ ತರಿಸ್ಲಾ?" ಎಂದು ಮಾಸ್ಟರು ಕೇಳಿದರು.

"ಯಾತಕ್ಕೆ? ರಾಶಿ ಸೂರು ಮುಟ್ಟೋಕಾ?" ಎಂದಳು ಹೆಂಡತಿ.

ಆರು ಗುಂಡಿಯೂ ಬೇಕೇಬೇಕಾ ಎಂದು ಕೇಳಲು ಅವಳು ಸಿದ್ಧವಾದ ಒಂದು ಗೌನನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಳು. ವಾರ್ಡಿನ ಹಿರಿಯ ನರ್ಸು ಅದನ್ನು ತಿರುಗಿಸಿ ನೋಡಿ, ಮೇಜಿನ ಡ್ರಾಯರ್ ಎಳೆದರು. ಅದರ ತುಂಬ ಗುಂಡಿಗಳು.

"ಮಲಗಿರೋರಿಗೆ ಬೆನ್ನಿಗೆ ಒತ್ತುತ್ತೆ. ಆರು ಗುಂಡಿ ಹಾಕ್ತಾ ಕೂರೋಕೆ ನಮಗೆಲ್ಲಿ ಪುರುಸೊತ್ತು? ಕಿತ್ತು ಹಾಕಿ ಪ್ಲಾಸ್ಟರ್ ಅಂಟಿಸ್ತೀವಿ."

"ಮತ್ತೆ ಯಾಕೆ ಗುಂಡಿ ಕೇಳ್ತೀರಿ?"

"ನಾವೆಲ್ಲಿ ಕೇಳಿದ್ವಿ? ಹೊಲಿಯೋರು ಹಾಕ್ತಾರೆ ಅಂದ್ಕೊಂಡಿದ್ವಿ."

"ನೀವು ಕೇಳಿದ್ದೀರಿ ಅಂತ ನಾವು ಹಾಕ್ತಿದ್ವಿ."

ಹೆಂಡತಿ ಗೌನನ್ನು ತಾನೇ ತೊಟ್ಟು ಖಾಲಿ ಮಂಚದ ಮೇಲೆ ಮಲಗಿದಳು. ಗುಂಡಿ ಎಲ್ಲೆಲ್ಲಿ ಒತ್ತುತ್ತದೆಂದು ಬೆನ್ನಿಗೇ ಗೊತ್ತಾಯಿತು. ಎದ್ದು, ನರ್ಸಿನ ಜೊತೆ ಕೂತು, ಕತ್ತಿನ ಹತ್ತಿರ ಒಂದು ಜೊತೆ, ಸೊಂಟದ ಪಕ್ಕ ಒಂದು ಜೊತೆ ಕಟ್ಟುವ ಲಾಡಿ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿದಳು. ಆಸ್ಪತ್ರೆಯ ಉಗ್ರಾಣದವರು ಅದೇ ಚೀಟಿಯ ಮೇಲೆ ಸಹಿ ಹಾಕಿಕೊಟ್ಟರು.

ಲಾಡಿಯನ್ನು ಯಾವ ಮಿಷನ್ನಿನಲ್ಲಾದರೂ ಹೊಲಿಯಬಹುದು. ಕಷ್ಟವಿದ್ದದ್ದು ಅಕ್ಕನಿಗೆ ಹೇಳುವುದರಲ್ಲಿ.

"ನೀನೇ ಹೇಳು" ಎಂದರು ಮಾಸ್ಟರು.

"ನಿಮ್ಮ ಅಕ್ಕ."

"ಲಾಡಿ ನಿಂದು."

ಹೆಂಡತಿ ಅಕ್ಕನ ಮುಖ ಕಾಣುವವರೆಗೆ ರಾಶಿಯನ್ನು ಸರಿಸಿದಳು.

"ಅತ್ತಿಗೆ, ಇನ್ಮೇಲೆ ಗೌನಿಗೆ ಕಾಜಾ ಬೇಡವಂತೆ."

"ಯಾವತ್ತಿಂದ?"

"ಇವತ್ತಿಂದ."

ಅಕ್ಕ ಪೆಡಲಿನ ಮೇಲಿಂದ ಕಾಲು ತೆಗೆದಳು. "ಎರಡು ವರ್ಷ ಆಯ್ತು ಕಣೇ, ಈ ಬಲಗೈ ಮೇಲಕ್ಕೆ ಏಳ್ತಿಲ್ಲ. ಜಡೆ ಹಾಕೋಕೂ ಪಕ್ಕದ ಮನೆಯವಳನ್ನ ಕರೀತೀನಿ."

"ಒಂದು ಮಾತು ಹೇಳಬಾರದಿತ್ತಾ?"

"ಇರೋದು ಒಂದು ಮಿಷನ್, ಕೂರೋಳು ನಾನೊಬ್ಬಳು. ಹೇಳಿದ್ರೆ ನೀವೇನು ಮಾಡ್ತಿದ್ರಿ?"

ಅಕ್ಕ ಕೈಗೆ ಸಿಕ್ಕಿದ ಗೌನಿನಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಅತ್ತಳು. ಆಮೇಲೆ ಕಲೆಯಾಗಿದೆಯೇ ಎಂದು ಅದನ್ನು ಬೆಳಕಿಗೆ ಹಿಡಿದು ನೋಡಿ, ತೊಳೆಯಲು ಬೇರೆ ಇಟ್ಟಳು.

ಮರುದಿನದಿಂದ ಅವಳಿಗೆ ಸಿದ್ಧವಾದ ಗೌನುಗಳನ್ನು ಪರೀಕ್ಷಿಸುವ ಕೆಲಸ. ಪ್ರತಿ ಲಾಡಿಯನ್ನೂ ಎಡಗೈಯಲ್ಲಿ ಜಗ್ಗಿ ನೋಡುತ್ತಿದ್ದಳು. ಮೊದಲ ದಿನವೇ ಒಂಬತ್ತು ಕಿತ್ತು ಬಂದವು.

"ಇದು ಯಾರು ಹೊಲಿದಿದ್ದು?"

"ನಾನು" ಎಂದರು ಮಾಸ್ಟರು.

"ಬಿಚ್ಚಿ ಹೊಲಿ."

ಮಾಸ್ಟರು ಬಿಚ್ಚಿ ಹೊಲಿದರು. ಹನ್ನೊಂದನೆಯ ದಿನ ನಾನೂರು ಗೌನು ಆಸ್ಪತ್ರೆ ಸೇರಿದವು, ಅವುಗಳಲ್ಲಿ ಮೊದಲೇ ಕಾಜಾ ಬಿದ್ದಿದ್ದ ಎಂಬತ್ತು ಗುಂಡಿಯವು. ಗೌನು ಕೊಡಲು ಜೊತೆಗೆ ಹೋಗಿದ್ದ ಅಕ್ಕನನ್ನು ನರ್ಸು ಮೂಳೆ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಕೈಗೆ ದಿನವೂ ಮಾಡುವ ವ್ಯಾಯಾಮ ಹೇಳಿಕೊಟ್ಟು, ಮೂರು ತಿಂಗಳು ಮಿಷನ್ ಮುಟ್ಟಬೇಡಿ ಎಂದರು.

"ಮೂರೇ ತಿಂಗಳಾ?" ಎಂದು ಅಕ್ಕ ಕೇಳಿದಳು.